ದೇವಿಮನೆ ಘಟ್ಟದಲ್ಲಿ ಕೈಕೊಟ್ಟ ಫೀಡ್ ಪಂಪ್

ಕುಮಟಾದಿಂದ ಸಿಹಿ ಈರುಳ್ಳಿ ಹೇರಿಕೊಂಡು ಶಿರಸಿಗೆ ಬರುತ್ತಿದ್ದೆ. ಕತಗಾಲ ದಾಟುವವರೆಗೂ ಗಾಡಿ ಸರಿಯಾಗೇ ಇತ್ತು. ದೇವಿಮನೆ ಘಟ್ಟದ ಏರು ಸಿಕ್ಕಿದ್ದೇ ಎಂಜಿನ್ ದಮ್ಮು ಕಟ್ಟಿದ ಹಾಗೆ ಆಡತೊಡಗಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಳೆತ ಇಲ್ಲ, ಹೊಗೆಯೂ ಇಲ್ಲ. ಒಂದು ತಿರುವಿನಲ್ಲಿ ನಿಂತೇ ಹೋಯಿತು.

ಹೊಗೆ ಇಲ್ಲದ್ದನ್ನು ಆಗಲೇ ಗಮನಿಸಬೇಕಿತ್ತು. ಸಿಕ್ಕ ಡೀಸೆಲ್ ಸರಿಯಾಗಿ ಉರಿಯದಿದ್ದರೆ ಹೊಗೆ ಬರುತ್ತದೆ; ಡೀಸೆಲ್ಲೇ ಸಿಗದಿದ್ದರೆ ಏನು ಬರಬೇಕು?

ಬಾನೆಟ್ ಎತ್ತಿ, ಲೈನಿಗೆ ಕೈಯಿಂದ ಡೀಸೆಲ್ ತುಂಬಲು ಫೀಡ್ ಪಂಪಿನ ಮೇಲಿರುವ ಕೈಪಂಪನ್ನು ಇಪ್ಪತ್ತು ಸಲ ಒತ್ತಿದೆ. ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದಕ್ಕೆ ಕೊಡುವ ಸಣ್ಣ ಪಂಪೇ ಈ ಫೀಡ್ ಪಂಪ್. ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಯಿತು, ಅರ್ಧ ಕಿಲೋಮೀಟರ್ ಓಡಿ ಮತ್ತೆ ನಿಂತಿತು. ಹೀಗೆ ಒತ್ತುತ್ತಾ, ಓಡಿಸುತ್ತಾ ಮೇಲೆ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು.

ಮರುದಿನ ಪರಿಚಯದ ಗ್ಯಾರೇಜಿನವರು ಕೇಳಿದವರೇ, "ಹೆಗಡೇರೆ, ಮೈಕೋ ಪಂಪ್ ಹೋಗಿದೆ. ಬಿಚ್ಚಿ ಹುಬ್ಬಳ್ಳಿಗೆ ಕಳಿಸುವಾ" ಅಂದರು. ಎಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ದೊಡ್ಡ ಪಂಪಿಗೆ, ಅಂದರೆ ಇಂಜೆಕ್ಷನ್ ಪಂಪಿಗೆ, ನಮ್ಮ ಕಡೆ ಅದೇ ಹೆಸರು. ಬೆಂಗಳೂರಿನ ಆ ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನ ಬಾಯಲ್ಲಿ ಮೈಕೋ ಮೈಕೋನೇ. ಅದನ್ನು ಬಿಚ್ಚಿದರೆ ಟೈಮಿಂಗ್, ಕ್ಯಾಲಿಬ್ರೇಶನ್, ದಿನಗಟ್ಟಲೆ ಗಾಡಿ ನಿಲ್ಲಿಸುವುದು. ಎರಡು ದಿನ ಟೈಮ್ ಕೊಡಿ ಅಂದು ಮನೆಗೆ ತಂದೆ.

ಟ್ಯಾಂಕಿಗೆ ಗಾಳಿ ಹೋಗದೆ ಡೀಸೆಲ್ ಇಳಿಯುತ್ತಿಲ್ಲವೇನೋ ಎಂದು ಮುಚ್ಚಳ ಸಡಿಲ ಬಿಟ್ಟು ಓಡಿಸಿ ನೋಡಿದೆ, ಅದೇ ಕತೆ. ಫಿಲ್ಟರ್ ಹಾಕಿ ತಿಂಗಳೂ ಆಗಿರಲಿಲ್ಲ. ಆಮೇಲೆ ಮಾಡಿದ ಪರೀಕ್ಷೆಯೇ ದಾರಿ ತೋರಿಸಿದ್ದು. ಐದು ಲೀಟರ್ ಕ್ಯಾನಿಗೆ ಡೀಸೆಲ್ ತುಂಬಿ, ಟ್ಯಾಂಕಿನ ಪೈಪ್ ಕಳಚಿ, ಹೊಸ ಪಾರದರ್ಶಕ ಪೈಪಿನಲ್ಲಿ ಕ್ಯಾನಿನಿಂದ ಸೀದಾ ಫೀಡ್ ಪಂಪಿಗೆ ಕೊಟ್ಟೆ. ಕ್ಯಾನ್ ನೆಲದ ಮೇಲಿದ್ದಾಗ ಎಂಜಿನ್ ಎರಡು ನಿಮಿಷ ಓಡಿ ಸತ್ತಿತು. ಪೈಪಿನಲ್ಲಿ ಗುಳ್ಳೆ ಇರಲಿಲ್ಲ, ಅಂದರೆ ಗಾಳಿ ಎಳೆಯುತ್ತಿಲ್ಲ. ಅದೇ ಕ್ಯಾನನ್ನು ಕ್ಯಾಬಿನ್ ಮೇಲಿಟ್ಟೆ. ಇಪ್ಪತ್ತು ನಿಮಿಷ ಗುಂಯ್ ಅಂತ ಓಡಿತು, ರೇಸ್ ಕೊಟ್ಟರೂ ನಿಲ್ಲಲಿಲ್ಲ. ಡೀಸೆಲ್ ತಾನಾಗಿ ಇಳಿದು ಬಂದರೆ ದೊಡ್ಡ ಪಂಪಿಗೆ ಯಾವ ತಕರಾರೂ ಇಲ್ಲ. ಕೆಳಗಿನಿಂದ ಎಳೆದುಕೊಡಬೇಕಾದ ಫೀಡ್ ಪಂಪೇ ಸೋತಿತ್ತು.

ಕೈಪಂಪ್ ಕೆಲಸ ಮಾಡುತ್ತಿದೆಯಲ್ಲ ಎಂಬ ಅನುಮಾನ ಉಳಿದಿತ್ತು. ಕೈಪಂಪಿನ ಡೀಸೆಲ್ ಹೋಗುವುದೂ ಅದೇ ವಾಲ್ವ್‌ಗಳ ಮೂಲಕ. ಹಾಗಾಗಿ ವಾಲ್ವ್ ಸರಿ ಇವೆ. ಉಳಿದದ್ದು ಪ್ಲಂಜರ್, ಅಂದರೆ ಫೀಡ್ ಪಂಪಿನೊಳಗೆ ಹಿಂದೆ ಮುಂದೆ ಓಡುವ ಪಿಸ್ಟನ್, ಮತ್ತು ಅದರ ಸ್ಪ್ರಿಂಗ್. ಫೀಡ್ ಪಂಪ್ ಕೂತಿರುವುದು ಮೈಕೋ ಪಂಪಿನ ಮೈಗೇ; ಅದರೊಳಗೆ ತಿರುಗುವ ಉಬ್ಬು, ಅಂದರೆ ಕ್ಯಾಮ್, ಪ್ಲಂಜರನ್ನು ಹಿಂದಕ್ಕೆ ಒತ್ತುತ್ತದೆ ಅಷ್ಟೆ. ಟ್ಯಾಂಕಿನಿಂದ ಎಳೆದು ಫಿಲ್ಟರಿನ ಕಡೆ ನೂಕುವುದು ಸ್ಪ್ರಿಂಗ್. ಫೀಡ್ ಪಂಪಿನ ಔಟ್‌ಲೆಟ್ ಕಳಚಿ ಮಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಚಿಮ್ಮಿ ಚಿಮ್ಮಿ ಬರಬೇಕಾದ ಡೀಸೆಲ್ ಮುದುಕರ ಜೊಲ್ಲಿನಂತೆ ಸುರಿಯಿತು.

ರಿಪೇರಿ ಕಿಟ್ ಹಾಕೋಣ ಅಂದುಕೊಂಡಿದ್ದೆ. ಆಯಿಲ್ ಗೇಜ್ ಎಳೆದು ನೋಡಿ ಮನಸ್ಸು ಬದಲಾಯಿತು. ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು, ಮೂಗಿಗೆ ಡೀಸೆಲ್ ವಾಸನೆ. ಕ್ಯಾಮಿನ ಒತ್ತನ್ನು ಪ್ಲಂಜರಿಗೆ ಮುಟ್ಟಿಸುವ ರಾಡ್ ಸವೆದು ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತಿತ್ತು. ಇಂಥದ್ದಕ್ಕೆ ಬರೀ ವಾಷರ್ ಬದಲಿಸಿ ಪ್ರಯೋಜನ ಇಲ್ಲ. ಇಡೀ ಫೀಡ್ ಪಂಪನ್ನೇ ತಂದೆ, ಆಯಿಲನ್ನೂ ಬದಲಿಸಿದೆ.

ಬಿಚ್ಚುವುದು ಕಷ್ಟವಲ್ಲ: ಪೈಪ್ ಕೂರಿಸುವ ಎರಡು ಬ್ಯಾಂಜೋ (ಒಳಗೆ ತೂತಿರುವ) ಬೋಲ್ಟ್, ಮೂರು ನಟ್. ಆಲ್ಟರ್ನೇಟರ್ ಮೇಲೆ ದಪ್ಪ ಬಟ್ಟೆ ಹೊದಿಸಿದ್ದೆ, ಡೀಸೆಲ್ ಬಿದ್ದರೆ ಅದಕ್ಕೂ ಖರ್ಚು ಬಂತು. ಹೊಸದನ್ನು ಕೂರಿಸುವಾಗ ಅದು ಮುಖಕ್ಕೆ ಸರಿಯಾಗಿ ಕೂರಲೇ ಇಲ್ಲ, ಸ್ಪ್ರಿಂಗ್ ಹೊರಕ್ಕೆ ತಳ್ಳುತ್ತಿತ್ತು. ನಟ್ ಬಿಗಿ ಮಾಡಿ ಎಳೆದರೆ ಕೂರುತ್ತದೆ ಅನ್ನುವ ಆಸೆ ಬೇಡ, ಸ್ಟಡ್ ಮುರಿಯುತ್ತದೆ. ಕ್ಯಾಮಿನ ಎತ್ತರದ ಭಾಗ ಫೀಡ್ ಪಂಪಿನ ತುದಿಯ ರೋಲರಿನ ಎದುರಿಗೇ ನಿಂತಿತ್ತು. ಎಂಜಿನ್ನನ್ನು ಕೈಯಿಂದ ಸ್ವಲ್ಪ ತಿರುಗಿಸಿದ ಮೇಲೆ ಪಂಪ್ ತಾನಾಗಿ ಒಳಗೆ ಕೂತಿತು.

ತಪ್ಪು ಮಾಡಿದ್ದು ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರಿನಲ್ಲಿ. ನಾಲ್ಕೂ ನೋಡಲು ಚೆನ್ನಾಗಿವೆ ಎಂದು ಹಳೆಯವನ್ನೇ ಹಾಕಿದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಕೈಪಂಪ್ ಒತ್ತಿ ಏರ್ ತೆಗೆದೆ, ಮೈಕೋ ಪಂಪಿನ ಸ್ಕ್ರೂವಿನಲ್ಲೂ ಹಾಗೇ. ಮೊದಲ ಸೆಲ್ಫಿಗೇ ಸ್ಟಾರ್ಟ್. ಬೆಳಿಗ್ಗೆ ಎದ್ದು ನೋಡಿದರೆ ಬೋಲ್ಟ್ ಸುತ್ತ ಒದ್ದೆ, ಲೈನಿನಲ್ಲಿ ಏರ್, ಗಾಡಿ ಜಪ್ಪಯ್ಯ ಅಂದರೂ ಏಳಲಿಲ್ಲ. ತಾಮ್ರ ಒಮ್ಮೆ ಅದುಮಿದರೆ ಗಡುಸಾಗುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆದುವಾಗುತ್ತದೆ, ನಿಜ. ಆದರೂ ನಾಲ್ಕು ವಾಷರಿಗೆ ಒಲೆ ಹಚ್ಚುವುದೇಕೆ ಎಂದು ಶಿರಸಿಗೆ ಹೋಗಿ ಹೊಸದು ತಂದೆ.

ಹಳೆಯ ಪಂಪನ್ನು ಜಗಲಿಯಲ್ಲಿ ಬಿಚ್ಚಿದೆ. ಸ್ಪ್ರಿಂಗ್ ಎರಡು ತುಂಡು. ಪ್ಲಂಜರಿನ ಮೇಲೆ ಉದ್ದಕ್ಕೆ ಗೀರು. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್ಟಿನ ಡ್ರಮ್ಮಿನಿಂದ ಸೋಸದೆ ಗಾಡಿಗೆ ಡೀಸೆಲ್ ಸುರಿಯುತ್ತಿದ್ದವನು ನಾನೇ, ಬೇರೆ ಯಾರನ್ನು ಬೈಯಲಿ? ಅದರ ಕೈಪಂಪ್ ಮಾತ್ರ ಹೊಸದರಂತಿತ್ತು. ಒರೆಸಿ, ಬಟ್ಟೆ ಸುತ್ತಿ, ಸೀಟಿನ ಅಡಿಯಲ್ಲಿ ಜಾಕಿನ ಪಕ್ಕ ಇಟ್ಟಿದ್ದೇನೆ.