ಲೈಬ್ರರಿ ಸೇಲ್‌ನಲ್ಲಿ ಹಳೇ ರೆಕಾರ್ಡ್ ಕೊಳ್ಳುವುದು ಹೇಗೆ?

ಅಮೆರಿಕದ ಊರೂರಿನ ಸಾರ್ವಜನಿಕ ಲೈಬ್ರರಿಗಳಲ್ಲಿ ‘ಫ್ರೆಂಡ್ಸ್ ಆಫ್ ದಿ ಲೈಬ್ರರಿ’ ಅನ್ನುವ ಸ್ವಯಂಸೇವಕರ ಗುಂಪಿನವರು ಹಳೇ ಪುಸ್ತಕ, ಹಾಡಿನ ರೆಕಾರ್ಡ್ (ಗ್ರಾಮಫೋನ್ ತಟ್ಟೆ) ಮಾರುತ್ತಾರೆ. ಬಂದ ದುಡ್ಡು ಲೈಬ್ರರಿಗೇ ಹೋಗುತ್ತದೆ. ಹಲವು ಕಡೆ ಮೊದಲ ದಿನ ಆ ಗುಂಪಿನ ಸದಸ್ಯರಿಗೆ ಮಾತ್ರ ಪ್ರವೇಶ. ಒಳ್ಳೆಯದು ಬೇಕಿದ್ದರೆ ಸದಸ್ಯರಾಗಿ. ಕೊನೆಯ ದಿನ ಒಂದು ಚೀಲ ತುಂಬಾ ಪುಸ್ತಕಕ್ಕೆ ಒಂದೇ ರೇಟು ಇಡುವುದೂ ಉಂಟು. ಚಿಲ್ಲರೆ ನೋಟು ಜೊತೆಗಿರಲಿ.

ರೆಕಾರ್ಡ್ ಇದ್ದರೆ ಮೊದಲು ಅಲ್ಲಿಗೇ ಹೋಗಿ. ಕವರ್ ಚೆನ್ನಾಗಿದೆ ಅಂತ ಸುಮ್ನೆ ಎತ್ತಿಕೊಳ್ಳಬೇಡಿ, ಎಷ್ಟೋ ಸಲ ಒಳಗೆ ಬೇರೆಯದೇ ರೆಕಾರ್ಡ್ ಇರುತ್ತದೆ, ಹಾಗಾಗಿ ಹೊರಗೆ ತೆಗೆದು, ಅಂಚು ಮತ್ತು ನಡುವಿನ ಲೇಬಲ್ ಮಾತ್ರ ಮುಟ್ಟಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯ ಗೀರು ಪರವಾಗಿಲ್ಲ. ಉಗುರಿಗೆ ತಗಲುವ ಗೀರು ಬೇಡ. ಕಣ್ಣಿನ ಮಟ್ಟಕ್ಕೆ ಹಿಡಿದರೆ ಸೊಟ್ಟಗಿದೆಯಾ ಅಂತ ಗೊತ್ತಾಗುತ್ತದೆ. 78 ಆರ್‌ಪಿಎಂನ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೇ ಅರಗಿನ ತಟ್ಟೆ ಬಿದ್ದರೆ ಚೂರಾಗುತ್ತದೆ, ಹುಷಾರು. ಅದನ್ನು ನುಡಿಸಲು ಪ್ಲೇಯರ್‌ಗೆ ಬೇರೆ ಮುಳ್ಳೂ ಬೇಕು.

ಪುಸ್ತಕಕ್ಕೆ ಲೈಬ್ರರಿ ಮೊಹರು ಇದ್ದರೆ ಓದಲು ಅಡ್ಡಿಯಿಲ್ಲ ಅಲ್ವಾ? ಮುಗ್ಗಲು ವಾಸನೆ ಇದ್ದರೆ ಮಾತ್ರ ಬಿಟ್ಟುಬಿಡಿ, ಮನೆಯ ಬೇರೆ ಪುಸ್ತಕಕ್ಕೂ ಬೂಷ್ಟು ಹರಡುತ್ತದೆ. ಮನೆಗೆ ಬರುವಾಗ ರೆಕಾರ್ಡ್‌ಗಳನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲಿನ ಕಾರಿನಲ್ಲಿ ಬಿಡಬೇಡಿ.