ಒಂದೇ ಅರ್ಜಿಯಲ್ಲಿ ಆಗುವ ಕೆಲಸ ಅಲ್ಲ: ಸಹಾಯಧನ ಹುಡುಕಿದ ನನ್ನ ಅನುಭವ

ಚಳ್ಳಕೆರೆ ತಾಲ್ಲೂಕಿನಲ್ಲಿ ನಮ್ಮದು ಮೂರೂವರೆ ಎಕರೆ. ಮಳೆ ನಂಬಿದ ಹೊಲ. ಶೇಂಗಾ, ಅಕ್ಕಡಿ ಸಾಲಲ್ಲಿ ತೊಗರಿ. ಬಿದ್ದ ಮಳೆ ಹೊಲದಲ್ಲೇ ನಿಲ್ಲಬೇಕು, ಗೊಬ್ಬರ ನಮ್ಮಲ್ಲೇ ತಯಾರಾಗಬೇಕು ಅಂತ 2021ರಲ್ಲಿ ಮನಸ್ಸು ಮಾಡಿದೆ. ಬದು, ಎರೆಹುಳು ತೊಟ್ಟಿ, ಕೃಷಿ ಹೊಂಡ, ಸ್ಪ್ರಿಂಕ್ಲರ್ ಎಲ್ಲಾ ಸೇರಿಸಿ ಒಂದೇ ಅರ್ಜಿ ಬರೆದು ರೈತ ಸಂಪರ್ಕ ಕೇಂದ್ರಕ್ಕೆ ಹೋದೆ. ಅಲ್ಲಿನ ಅಧಿಕಾರಿ ಪೂರ್ತಿ ಓದಿದರು. "ಇವೆಲ್ಲಾ ಬೇರೆ ಬೇರೆ ಯೋಜನೆ ಕಣಪ್ಪ. ಮೊದಲು ಪಹಣಿ ನಿನ್ನ ಹೆಸರಿಗೆ ಮಾಡಿಸ್ಕೋ" ಅಂದರು.

ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು, ಪಹಣಿ ಇನ್ನೂ ಅವರ ಹೆಸರಲ್ಲೇ ಇತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಅಲೆದು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು, ಮಾಡಿಸಿದೆ. ಆಮೇಲೆ ಸರ್ಕಾರದ ರೈತರ ನೋಂದಣಿ ತಂತ್ರಾಂಶ ಫ್ರೂಟ್ಸ್‌ನಲ್ಲಿ ನೋಂದಣಿ, ಅದು ಕೊಡುವ ರೈತರ ಗುರುತಿನ ಸಂಖ್ಯೆ ಎಫ್‌ಐಡಿ. ಇದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಪಹಣಿಯಲ್ಲಿ, ಆಧಾರ್‌ನಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರು ಒಂದೇ ಥರ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ಯೋಜನೆ ಪ್ರಕಟವಾದ ಮೇಲೆ ತಿದ್ದಿಸಲು ಹೋದರೆ ಆ ವರ್ಷದ ಗುರಿ ಮುಗಿದೇ ಹೋಗುತ್ತದೆ.

ಬದು, ತೊಟ್ಟಿ ಎರಡನ್ನೂ ನರೇಗಾಕ್ಕೆ ಹಾಕಿದೆ. ಅಕ್ಟೋಬರ್ ಸುಮಾರಿಗೆ ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟು ಪಂಚಾಯ್ತಿಯ ಕ್ರಿಯಾ ಯೋಜನೆಗೆ ಹೆಸರು ಸೇರಿಸಬೇಕಿತ್ತು. ಸಣ್ಣ ರೈತರಾಗಿರಬೇಕಿತ್ತು, ಜಾಬ್ ಕಾರ್ಡ್ ಇರಬೇಕಿತ್ತು, ನಮ್ಮ ಹೊಲದಲ್ಲಿ ನಾವೂ ದುಡಿಯಬೇಕಿತ್ತು. 2022ರ ಬೇಸಿಗೆಯಲ್ಲಿ ದಿನಗೂಲಿ 309 ರೂಪಾಯಿ ಇತ್ತು. ನಾನು, ನನ್ನ ಹೆಂಡತಿ, ಪಕ್ಕದ ಹೊಲದವರು ಸೇರಿ ಬದು ಹಾಕಿದೆವು. ಕೂಲಿ ನೇರ ಖಾತೆಗೆ ಬಂತು.

ತೊಟ್ಟಿ ವಿಷಯದಲ್ಲಿ ಮಾತ್ರ ಸೋತೆ. ಹೆಸರು ಪಟ್ಟಿಯಲ್ಲಿದೆ ಎಂದ ಕೂಡಲೇ ಇಟ್ಟಿಗೆ ತರಿಸಿ ಕಟ್ಟಿಸಿಬಿಟ್ಟೆ. ಇಂಜಿನಿಯರ್ ಬಂದು ಮೊಬೈಲ್ ತೆಗೆದವರು ಹಾಗೇ ನಿಂತರು. ಕೆಲಸಕ್ಕೆ ಮುಂಚಿನ ಖಾಲಿ ಜಾಗದ ಜಿಪಿಎಸ್ ಫೋಟೋ ಬೇಕು, ಕೆಲಸ ನಡೆಯುವಾಗ ಒಂದು, ಮುಗಿದ ಮೇಲೆ ಒಂದು. ನನ್ನ ಜಾಗದಲ್ಲಿ ತೊಟ್ಟಿ ಆಗಲೇ ಎದ್ದು ನಿಂತಿತ್ತು. ಕೂಲಿಯ ಹಾಜರಿ ಪಟ್ಟಿ, ಅಂದರೆ ಎನ್‌ಎಂಆರ್, ತೆಗೆಯಲು ಆಗಲಿಲ್ಲ. ಸಿಮೆಂಟು, ಇಟ್ಟಿಗೆ, ಗಾರೆ ಕೂಲಿ ಎಲ್ಲಾ ಕೈಯಿಂದಲೇ ಹೋಯಿತು. ಕಾರ್ಯಾದೇಶ ಕೈಗೆ ಬರುವ ತನಕ ಒಂದು ಗುದ್ದಲಿ ಮಣ್ಣೂ ತೆಗೆಯಬೇಡಿ.

2023-24ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಮತ್ತೆ ಶುರುವಾಯಿತು. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ಕಾಗದ ಎಲ್ಲಾ ತಯಾರಿದ್ದದ್ದರಿಂದ ಮೊದಲ ವಾರವೇ ಅರ್ಜಿ ಹಾಕಿದೆ. ಎಷ್ಟು ದೊಡ್ಡ ಹೊಂಡ ಎಂಬ ಲೆಕ್ಕವನ್ನು ಮಾತ್ರ ನೀವೇ ಮಾಡಿ. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ, ಸುತ್ತ ಇಳಿಜಾರು ಬಿಟ್ಟು ತೋಡಿದರೆ ಸುಮಾರು 2.5 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಒಂದು ಎಕರೆಗೆ ಒಂದು ಅಂಗುಲ ನೀರು ಕೊಡಲು 1 ಲಕ್ಷ ಲೀಟರ್ ಬೇಕು. ಅಂದರೆ ಶೇಂಗಾ ಕಾಯಿ ಕಟ್ಟುವಾಗ ಮಳೆ ಕೈಕೊಟ್ಟರೆ ಎರಡು ಎಕರೆಗೆ ಒಂದೊಂದು ಸಲ ನೀರು. ನನಗೆ ಅಷ್ಟು ಸಾಕಿತ್ತು. ಇನ್ನೂ ದೊಡ್ಡದು ತೋಡಿಸಿದರೆ ನಮ್ಮ ಪಾಲಿನ ದುಡ್ಡೂ ಜಾಸ್ತಿ, ಹೋಗುವ ಜಮೀನೂ ಜಾಸ್ತಿ, ಅಲ್ವಾ?

ಸ್ಪ್ರಿಂಕ್ಲರ್ ಪೈಪು ಶೇ 90 ಸಹಾಯಧನದಲ್ಲಿ ಅದೇ ಕೇಂದ್ರದಿಂದ ಸಿಕ್ಕಿತು. ಅದಕ್ಕೆ ಜಾಸ್ತಿ ಓಡಾಟ ಇರಲಿಲ್ಲ.

ಹೊಂಡದ ದುಡ್ಡಿನ ಬಗ್ಗೆ ಒಂದು ಮಾತು. ಮೊದಲು ನಾವು ಖರ್ಚು ಮಾಡಬೇಕು, ಅಳತೆ ಆದ ಮೇಲೆ ಸಹಾಯಧನ ಖಾತೆಗೆ ಬರುತ್ತದೆ. ನಾನು ಸಹಕಾರ ಸಂಘದಲ್ಲಿ ಸಾಲ ಎತ್ತಿ ಜೆಸಿಬಿ ಬಾಡಿಗೆ ಕೊಟ್ಟೆ. ಮೂರು ತಿಂಗಳಿಗಾಗುವಷ್ಟು ಕೈಸಾಲಕ್ಕೆ ದಾರಿ ಮಾಡಿಕೊಂಡೇ ಇಳಿಯಿರಿ. ಬಡ್ಡಿಗೆ ಹೊರಗೆ ತಂದರೆ ಸಹಾಯಧನದಲ್ಲಿ ಅರ್ಧ ಅಲ್ಲೇ ಕರಗುತ್ತದೆ.

ಸಾವಯವಕ್ಕೆ ಪರಂಪರಾಗತ ಕೃಷಿ ವಿಕಾಸ ಯೋಜನೆ ಇದೆ. ಮೂರು ವರ್ಷದ ಯೋಜನೆ. ಆದರೆ ಅದು ಒಬ್ಬರಿಗಲ್ಲ, 20 ಹೆಕ್ಟೇರಿನ ಗುಂಪಿಗೆ. 20 ಹೆಕ್ಟೇರ್ ಅಂದರೆ ಸುಮಾರು 50 ಎಕರೆ. ಊರಲ್ಲಿ ಮನೆ ಮನೆಗೆ ಹೋಗಿ ಕೇಳುತ್ತಿದ್ದೇನೆ. ಈಗ 31 ಎಕರೆಯವರು ಒಪ್ಪಿದ್ದಾರೆ. ಅದರಲ್ಲಿ ಐದು ಜನರ ಪಹಣಿ ಇನ್ನೂ ಅಪ್ಪ, ಅಜ್ಜನ ಹೆಸರಲ್ಲೇ ಇದೆ. ಸೋಮವಾರ ಅವರನ್ನೆಲ್ಲಾ ಕರೆದುಕೊಂಡು ನಾಡಕಚೇರಿಗೆ ಹೋಗುತ್ತಿದ್ದೇನೆ.