ತಲೆಗೆ ತೀವ್ರ ಪೆಟ್ಟು ಬಿದ್ದವರ ಚೇತರಿಕೆ: ವೈದ್ಯರ ಅಂದಾಜನ್ನು ಕೇಳಿ ತಿಳಿಯುವ ಬಗೆ

ಗದಗ, ಹಾವೇರಿಗಳಿಂದ ಗಾಯಾಳುವನ್ನು ಹುಬ್ಬಳ್ಳಿಗೆ ತಂದು ಐಸಿಯು ಹೊರಗೆ ಕುಳಿತವರು ವೈದ್ಯರಿಗೆ ಮೊದಲು ಕೇಳುವುದು 'ಉಳೀತಾರೇನ್ರೀ? ಮೊದಲಿನಂಗ ಆಗ್ತಾರೇನ್ರೀ?' ಎಂದು. ಇವು ಎರಡು ಪ್ರಶ್ನೆಗಳು. ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ ಬೇರೆ ಬೇರೆಯಾಗಿಯೇ ಕೇಳಬೇಕು. ಗಾಯಾಳುವಿನ ಮುಂದಿನ ಸ್ಥಿತಿಯನ್ನು ಅಂದಾಜಿಸಲು ವೈದ್ಯರು ಬಳಸುವ 'ಕ್ರಾಷ್' ಲೆಕ್ಕಾಚಾರ ಕೂಡ 14 ದಿನಗಳೊಳಗಿನ ಸಾವಿನ ಸಂಭವವನ್ನೂ 6 ತಿಂಗಳ ನಂತರದ ಸ್ಥಿತಿಯನ್ನೂ ಪ್ರತ್ಯೇಕವಾಗಿಯೇ ಕೊಡುತ್ತದೆ.

ಅಂದಾಜಿನ ಗುಣಮಟ್ಟ ನಿರ್ಧಾರವಾಗುವುದು ಬಹುಮಟ್ಟಿಗೆ ಮೊದಲ ಆಸ್ಪತ್ರೆಯಲ್ಲಿ. ಪ್ರಜ್ಞೆಯ ಮಟ್ಟವನ್ನು ಅಳೆಯಲು 1974ರಿಂದ ಬಳಕೆಯಲ್ಲಿರುವ ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ ಕಣ್ಣು ತೆರೆಯುವುದಕ್ಕೆ ಗರಿಷ್ಠ 4, ಮಾತಿಗೆ 5, ಕೈಕಾಲಿನ ಚಲನೆಗೆ 6 ಅಂಕಗಳಿದ್ದು, ಒಟ್ಟು 8 ಅಥವಾ ಅದಕ್ಕಿಂತ ಕಡಿಮೆಯಾದರೆ ಪೆಟ್ಟು ತೀವ್ರವೆಂದು ಗಣಿಸುತ್ತಾರೆ. ಗಂಟಲಿಗೆ ನಳಿಕೆ ಹಾಕಿ ನಿದ್ದೆಯ ಔಷಧ ಕೊಟ್ಟ ಮೇಲೆ ಈ ಅಂಕಗಳನ್ನು ಸರಿಯಾಗಿ ಅಳೆಯಲಾಗದು. ಕುಡಿದಿದ್ದವರಲ್ಲಿ ಅವು ಇರುವುದಕ್ಕಿಂತ ಕೆಟ್ಟದಾಗಿ ಕಾಣಬಹುದು. ಆದಕಾರಣ ಗದಗಿನಿಂದ ಆಂಬುಲೆನ್ಸ್ ಹೊರಡುವ ಮುನ್ನವೇ ರೆಫರಲ್ ಚೀಟಿಯಲ್ಲಿ ಮೂರೂ ಅಂಕಗಳು ಬಿಡಿಬಿಡಿಯಾಗಿ, ಎರಡೂ ಕಣ್ಣುಗಳ ಪಾಪೆ ಬೆಳಕಿಗೆ ಕುಗ್ಗುತ್ತಿತ್ತೇ ಎಂಬುದು, ರಕ್ತದೊತ್ತಡ, ಆಮ್ಲಜನಕದ ಮಟ್ಟ ಮತ್ತು ಪರೀಕ್ಷಿಸಿದ ಹೊತ್ತು ಬರೆಯಲ್ಪಟ್ಟಿವೆಯೇ ಎಂದು ವಿನಯದಿಂದ ಕೇಳಿ ನೋಡಿರಿ. ಆ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. ಅವಸರದಲ್ಲಿ ಕಾಗದ ಕಳೆಯುವುದು ಹೊಸತೇನಲ್ಲ.

ವಯಸ್ಸು, ಕೈಕಾಲಿನ ಚಲನೆಯ ಅಂಕ, ಪಾಪೆ, ಈ ಮೂರೇ 2008ರಲ್ಲಿ ಪ್ರಕಟವಾದ, ಕ್ರಾಷ್‌ನಂಥದೇ ಇನ್ನೊಂದಾದ 'ಇಂಪ್ಯಾಕ್ಟ್' ಲೆಕ್ಕಾಚಾರದ ತಿರುಳು. ಹೇಳಿದಂತೆ ಕೈ ಎತ್ತುವವನಿಗೂ, ನೋವು ಮಾಡಿದಾಗ ಕೈಕಾಲು ಸೆಟೆದುಕೊಳ್ಳುವವನಿಗೂ ಭವಿಷ್ಯ ಒಂದೇ ಅಲ್ಲ. ಇವುಗಳ ಮೇಲೆ ಸಿ.ಟಿ. ಸ್ಕ್ಯಾನಿನ ಚಿತ್ರ, ರಕ್ತದೊತ್ತಡ ಕುಸಿದಿತ್ತೇ, ಆಮ್ಲಜನಕ ಕಡಿಮೆಯಾಗಿತ್ತೇ ಎಂಬವು ಸೇರುತ್ತವೆ. ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ಹೆಪ್ಪುಗಟ್ಟಿ, ಅದನ್ನು ಬೇಗನೆ ತೆಗೆದಿದ್ದರೆ ಫಲ ಸಾಮಾನ್ಯವಾಗಿ ಉತ್ತಮ.

ವೈದ್ಯರು 'ನೂರಕ್ಕೆ ಅರವತ್ತರಷ್ಟು ಕೆಟ್ಟ ಫಲ' ಎಂದರೆ, ಇಂಥದೇ ಲಕ್ಷಣಗಳಿದ್ದ ನೂರು ಮಂದಿಯಲ್ಲಿ ಸುಮಾರು ಅರವತ್ತು ಮಂದಿಗೆ ಹಾಗಾಗಬಹುದು ಎಂದಷ್ಟೇ ಅರ್ಥ. ನಿಮ್ಮವರು ಉಳಿದ ನಲವತ್ತರಲ್ಲಿ ಇದ್ದಾರೆಯೇ ಎಂಬುದನ್ನು ಆ ಅಂಕಿ ಹೇಳದು. ಇನ್ನೊಂದು ವಿಷಯವನ್ನು ಬಿಡಿಸಿ ಕೇಳಲೇಬೇಕು: ಈ 'ಕೆಟ್ಟ ಫಲ'ದೊಳಗೆ ಸಾವಷ್ಟೇ ಅಲ್ಲ, ಬದುಕುಳಿದರೂ ದಿನನಿತ್ಯಕ್ಕೆ ಇನ್ನೊಬ್ಬರ ನೆರವು ಬೇಕಾಗುವ ತೀವ್ರ ಅಂಗವೈಕಲ್ಯವೂ ಸೇರಿದೆ. ಒಬ್ಬರೇ ಸಂತೆ ಮಾಡಿಕೊಂಡು ಬರಲಾಗದ, ಒಬ್ಬರೇ ಬಸ್ಸು ಹತ್ತಿ ಹೋಗಲಾಗದ ಸ್ಥಿತಿಯೂ ಆ ಗುಂಪಿನಲ್ಲಿಯೇ ಬರಬಹುದು. ಅದನ್ನು ಸಹಿಸಬಹುದೇ ಎಂಬುದು ಮನೆಯವರು ಗಾಯಾಳುವಿನ ಸ್ವಭಾವ ನೋಡಿ ಹೇಳಬೇಕಾದ ಮಾತು, ಲೆಕ್ಕಾಚಾರದ್ದಲ್ಲ.

ಮೊದಲ ದಿನದ ಅಂಕಿಯ ಮೇಲೆ ಚಿಕಿತ್ಸೆ ನಿಲ್ಲಿಸುವ ನಿರ್ಧಾರ ಬೇಡ. ಚಿಕಿತ್ಸೆ ನಿಂತರೆ ಸಾವು ಸಂಭವಿಸುತ್ತದೆ, ಆ ಸಾವು ಅಂದಾಜು ಸರಿಯಾಗಿತ್ತೆಂಬುದಕ್ಕೆ ಸಾಕ್ಷಿಯಾಗಿಬಿಡುತ್ತದೆ. ಮಿದುಳು ನಿಷ್ಕ್ರಿಯಗೊಂಡ ಪ್ರಕರಣಗಳನ್ನು ಬಿಟ್ಟರೆ ಕನಿಷ್ಠ 72 ಗಂಟೆಗಳಾದರೂ ಕಾಯುವುದು ರೂಢಿ. ಅದಕ್ಕೂ ಹೆಚ್ಚು ಕಾಯಲು ಕಾರಣಗಳಿವೆ. 2021ರಲ್ಲಿ ಪ್ರಕಟವಾದ ಅಮೆರಿಕದ 'ಟ್ರ್ಯಾಕ್-ಟಿಬಿಐ' ಅಧ್ಯಯನದಲ್ಲಿ, ಎರಡು ವಾರ ಕಳೆದರೂ ಅರಿವಿಲ್ಲದೆ ಕೇವಲ ಕಣ್ಣು ತೆರೆದಿದ್ದವರ ಪೈಕಿ ಶೇ. 78ರಷ್ಟು ಮಂದಿ ವರ್ಷದೊಳಗೆ ಅರಿವು ಮರಳಿ ಪಡೆದಿದ್ದರು. ಅರಿವು ಮರಳುವುದೆಂದರೆ ಸ್ವಾವಲಂಬನೆ ಮರಳಿದಂತಲ್ಲ ಎಂಬ ಎಚ್ಚರವೂ ಜೊತೆಗಿರಲಿ. ಅಲ್ಲಿನ ಐಸಿಯು ಮತ್ತು ಪುನಶ್ಚೇತನ ಸೌಲಭ್ಯಗಳು ನಮ್ಮಲ್ಲಿ ಎಲ್ಲರಿಗೂ ಎಟಕುವಂಥವಲ್ಲ. ಕ್ರಾಷ್ ಲೆಕ್ಕಾಚಾರದಲ್ಲಿ ದೇಶವನ್ನು ಆಯ್ಕೆ ಮಾಡುವ ಅವಕಾಶವಿರುವುದು ಇದಕ್ಕಾಗಿಯೇ, ಅಲ್ಲಿ ಭಾರತವನ್ನೇ ಆರಿಸಿದ್ದಾರೆಯೇ ಎಂದು ಕೇಳುವುದು ತಪ್ಪಲ್ಲ.

ಮೂರನೆಯ ದಿನ, ಎರಡನೆಯ ವಾರ, ನಂತರ ತಿಂಗಳಿಗೊಮ್ಮೆ ಅಂದಾಜನ್ನು ಹೊಸದಾಗಿ ಕೇಳಿರಿ. ಹೇಳಿದ ಮಾತಿಗೆ ಮೊದಲ ಸಲ ಕೈ ಹಿಚುಕಿದ ದಿನವನ್ನೂ, ನಿನ್ನೆ ನಡೆದದ್ದನ್ನು ಇಂದು ನೆನಪಿಟ್ಟು ಹೇಳತೊಡಗಿದ ದಿನವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಪೆಟ್ಟಿನ ದಿನದಿಂದ ಹೀಗೆ ನೆನಪಿಟ್ಟು ಹೇಳತೊಡಗಿದ ದಿನದವರೆಗಿನ ಅವಧಿ ಎಷ್ಟು ಚಿಕ್ಕದೋ ಮುಂದಿನ ಚೇತರಿಕೆ ಸಾಮಾನ್ಯವಾಗಿ ಅಷ್ಟು ಚೆನ್ನಾಗಿರುತ್ತದೆ. ಹುಬ್ಬಳ್ಳಿಯ ನರಶಸ್ತ್ರಚಿಕಿತ್ಸಾ ಹೊರರೋಗಿ ವಿಭಾಗಕ್ಕೆ ಬಂದರೂ, ನಡವಳಿಕೆ ಮತ್ತು ನೆನಪಿನ ತೊಂದರೆಗಾಗಿ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋದರೂ ಆ ನೋಟ್‌ಬುಕ್ಕನ್ನು ಡಿಸ್ಚಾರ್ಜ್ ಸಾರಾಂಶದ ಜೊತೆಗೆ ಕೊಂಡೊಯ್ಯಿರಿ.